ಗಸಗಸೆ ಡಬ್ಬಿ, ಬೆಳಗಿನ ಫೋನ್: ಮಗ ಪ್ರೊಬೇಷನ್‌ನಲ್ಲಿದ್ದಾಗ ಡ್ರಗ್ ಟೆಸ್ಟ್ ಬಗ್ಗೆ ನಾವು ಕಲಿತದ್ದು

ನಮ್ಮ ಮನೆಯಲ್ಲಿ ಈಗ ಗಸಗಸೆ ಇಲ್ಲ. ಇಂಡಿಯನ್ ಅಂಗಡಿಯಿಂದ ತಂದಿದ್ದ ಪೊಟ್ಟಣವನ್ನು ಒಂದು ರಾತ್ರಿ ಹೊರಗಿನ ಕಸದ ಡಬ್ಬಕ್ಕೆ ಹಾಕಿ ಬಂದೆ. ಆಮೇಲೆ ಆ ಸ್ಟೀಲ್ ಡಬ್ಬಿಯನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದೆ. ಯಾಕೆ ಎಂದು ಮುಂದೆ ಹೇಳುತ್ತೇನೆ.

ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಊರಿನಲ್ಲಿ. ಮಗನಿಗೆ ಆಗ 21 ವರ್ಷ. ರಾತ್ರಿ ಪೊಲೀಸರು ಕಾರು ನಿಲ್ಲಿಸಿದರು. ಜೇಬಿನಲ್ಲಿ ಟಿಎಚ್‌ಸಿ, ಅಂದರೆ ಗಾಂಜಾದ ಅಮಲಿನ ವಸ್ತು, ಇರುವ ಎಣ್ಣೆಯ ವೇಪ್ ಪೆನ್ ಇತ್ತು. ಟೆಕ್ಸಸ್‌ನಲ್ಲಿ ಸ್ವಲ್ಪ ಗಾಂಜಾ ಸೊಪ್ಪು ಸಿಕ್ಕರೆ ಅದು ಸಣ್ಣ ಕೇಸ್. ಅದೇ ಎಣ್ಣೆಯಾದರೆ ಒಂದು ಗ್ರಾಂಗಿಂತ ಕಡಿಮೆ ಇದ್ದರೂ ಫೆಲನಿ, ಅಂದರೆ ಗಂಭೀರ ಅಪರಾಧ. ಇದು ನಮಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಕೋರ್ಟ್ ಎರಡು ವರ್ಷ ಡಿಫರ್ಡ್ ಅಡ್ಜುಡಿಕೇಷನ್ ಕೊಟ್ಟಿತು. ಅಂದರೆ ತಪ್ಪು ಒಪ್ಪಿಕೊಂಡ ಮೇಲೂ ಅಪರಾಧಿ ಎಂದು ತೀರ್ಪು ಬರೆಯದೆ ಪ್ರೊಬೇಷನ್‌ನಲ್ಲಿ ಇಡುವುದು. ಅದರ ಜೊತೆಗೆ ಬಂದದ್ದು ಡ್ರಗ್ ಟೆಸ್ಟ್.

ಆಗ ಕನ್ನಡದಲ್ಲಿ ನಮಗೆ ಹೇಳುವವರು ಯಾರೂ ಇರಲಿಲ್ಲ. ಕೇಳಲು ನಾಚಿಕೆಯೂ ಆಯಿತು. ನಿಮ್ಮ ಮನೆಯಲ್ಲೂ ಇಂಥದ್ದು ನಡೆದಿದ್ದರೆ ಇದನ್ನು ಓದಿ. ವಕೀಲರು ಹೇಳುವುದಕ್ಕೆ ಇದು ಬದಲಿ ಅಲ್ಲ. ವಕೀಲರು ಅಡುಗೆಮನೆಗೆ ಬರುವುದಿಲ್ಲ, ಹಾಗಾಗಿ ಅಡುಗೆಮನೆಯ ಮಾತನ್ನು ನಾನು ಹೇಳುತ್ತೇನೆ.

ಮೊದಲು ಆದೇಶವನ್ನು ಕೂತು ಓದಿ

ಜೈಲಿಗೆ ಕಳಿಸುವ ಬದಲು ಹೊರಗಿಟ್ಟು ನೋಡಿಕೊಳ್ಳುವುದು ಪ್ರೊಬೇಷನ್. ಜೈಲಿನಲ್ಲಿ ಸ್ವಲ್ಪ ಕಾಲ ಕಳೆದವರನ್ನು ಅವಧಿಗೆ ಮುಂಚೆ ಹೊರಗೆ ಬಿಡುವುದು ಪೆರೋಲ್. ಎರಡರಲ್ಲೂ ಟೆಸ್ಟ್ ಇರುತ್ತದೆ. ಟೆಕ್ಸಸ್‌ನಲ್ಲಿ ಪ್ರೊಬೇಷನ್ನಿಗೆ ಕಾಗದದ ಮೇಲೆ ‘ಕಮ್ಯುನಿಟಿ ಸೂಪರ್ವಿಷನ್’ ಎಂದು ಬರೆಯುತ್ತಾರೆ. ಅದನ್ನು ನೋಡಿ ಬೇರೇನೋ ಎಂದು ಗಾಬರಿ ಬೀಳಬೇಡಿ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕೇಸ್ ಆದರೆ ಪ್ರೊಬೇಷನ್ ಶುರುವಾದ 15 ದಿನದೊಳಗೆ ಒಂದು ಟೆಸ್ಟ್, ಆಮೇಲೆ ಕನಿಷ್ಠ ಎರಡು ಎಂದು ಕಾನೂನಿನಲ್ಲೇ ಇದೆ. ರಾಜ್ಯದ ಕೇಸ್‌ಗಳಲ್ಲಿ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಒಂದು ರೀತಿ, ಜಡ್ಜ್‌ಗೆ ಒಂದು ರೀತಿ.

ಹಾಗಾಗಿ ಪಕ್ಕದ ಮನೆಯವರ ಅನುಭವ ಕೇಳಿ ನಡೆಯಬೇಡಿ. ನಿಮ್ಮ ಆದೇಶದ ಪ್ರತಿ ಇಟ್ಟುಕೊಂಡು ಓದಿ. ಮದ್ಯ ಪೂರ್ತಿ ನಿಷೇಧವೇ? ಟೆಸ್ಟ್ ಖರ್ಚು ಯಾರದು? ಕೌಂಟಿ ಬಿಟ್ಟು ಹೋಗಲು ಅನುಮತಿ ಬೇಕೇ? ಟೆಕ್ಸಸ್‌ನಲ್ಲಿ ತಿಂಗಳಿಗೆ 25ರಿಂದ 60 ಡಾಲರ್ ಮೇಲ್ವಿಚಾರಣೆ ಶುಲ್ಕವೇ ಇರುತ್ತದೆ. ಟೆಸ್ಟ್‌ಗೆ ಬೇರೆ ದುಡ್ಡು ಕೇಳಬಹುದು. ನಮ್ಮೆಜಮಾನ್ರು ಆದೇಶದ ಒಂದೊಂದು ಷರತ್ತನ್ನೂ ಕನ್ನಡದಲ್ಲಿ ಒಂದು ನೋಟ್‌ಬುಕ್‌ನಲ್ಲಿ ಬರೆದರು. ಆ ನೋಟ್‌ಬುಕ್ ಆಮೇಲೆ ನಮ್ಮನ್ನು ಕಾಪಾಡಿತು.

ಬೆಳಗಿನ ಫೋನ್

ಹೆಚ್ಚಿನ ಕಡೆ ಕಲರ್ ಪದ್ಧತಿ ಇದೆ. ನಿಮಗೊಂದು ಬಣ್ಣ ಕೊಡುತ್ತಾರೆ. ದಿನಾ ಬೆಳಗ್ಗೆ ಒಂದು ನಂಬರಿಗೆ ಫೋನ್ ಮಾಡಬೇಕು, ರೆಕಾರ್ಡಿಂಗ್ ಅವತ್ತಿನ ಬಣ್ಣ ಹೇಳುತ್ತದೆ. ನಿಮ್ಮ ಬಣ್ಣ ಬಂದರೆ ಅವತ್ತೇ, ಹೇಳಿದ ಸಮಯದೊಳಗೆ ಹೋಗಿ ಮೂತ್ರ ಕೊಡಬೇಕು. ಅವರು ಇದಕ್ಕೆ ‘ಯುಎ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ವರ್ಷ ಬೆಳಗಿನ ಮೊದಲ ಮಾತೇ “ಕಲರ್ ಬಂತಾ?” ಎಂಬುದು.

ಟೆಸ್ಟ್ ತಪ್ಪಿಸಿದರೆ ಅದು ಪಾಸಿಟಿವ್ ಬಂದಷ್ಟೇ ಕೆಟ್ಟದ್ದು. ಎಷ್ಟೋ ಮಕ್ಕಳು ಸಿಕ್ಕಿಬೀಳುವುದು ಡ್ರಗ್ಸ್‌ನಿಂದಲ್ಲ, ನಿದ್ದೆಯಿಂದ. ನಾವು ಹೀಗೆ ಮಾಡಿದೆವು. ಮಗ ಬೆಳಗ್ಗೆ 6ಕ್ಕೆ ಅಲಾರಂ ಇಟ್ಟು ಫೋನ್ ಮಾಡುತ್ತಿದ್ದ. ನಾನು ಕಾಫಿಗೆ ನೀರಿಡುವಾಗ ಅವನನ್ನು ಒಮ್ಮೆ ಕೇಳುತ್ತಿದ್ದೆ. ಆಮೇಲೆ ನೋಟ್‌ಬುಕ್‌ನಲ್ಲಿ ತಾರೀಖು, ಫೋನ್ ಮಾಡಿದ ಸಮಯ, ಕೇಳಿದ ಬಣ್ಣ ಬರೆಯುತ್ತಿದ್ದೆವು. ಕಾಲ್ ಲಿಸ್ಟ್‌ನ ಸ್ಕ್ರೀನ್‌ಶಾಟ್ ಕೂಡ. ಟೆಸ್ಟ್ ಕೊಟ್ಟ ದಿನ ರಸೀದಿಯನ್ನು ಅದೇ ಪುಟಕ್ಕೆ ಪಿನ್ ಮಾಡುತ್ತಿದ್ದೆವು. ಭಾನುವಾರ, ಹಬ್ಬ, ಜ್ವರ, ಯಾವುದಕ್ಕೂ ವಿನಾಯಿತಿ ಇಲ್ಲ ಎಂದುಕೊಂಡೇ ಇರಿ. ಕಾರು ಕೆಟ್ಟರೆ ಯಾರು ಕರೆದುಕೊಂಡು ಹೋಗಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿ. ನಮ್ಮ ಕೂಟದ ಒಬ್ಬ ಗೆಳತಿಗೆ ಮಾತ್ರ ವಿಷಯ ಹೇಳಿದ್ದೆ. ಎರಡು ಸಲ ಅವರೇ ಕಾರು ತಂದರು, ಒಂದು ಮಾತು ಕೇಳಲಿಲ್ಲ.

ನಿಜವಾಗಿಯೂ ಹೋಗಲು ಆಗದಿದ್ದರೆ ಪಿಓಗೆ, ಅಂದರೆ ಪ್ರೊಬೇಷನ್ ಆಫೀಸರ್‌ಗೆ, ಆಗಲೇ ಫೋನ್ ಮಾಡಿ. ಫೋನ್ ಎತ್ತದಿದ್ದರೆ ವಾಯ್ಸ್‌ಮೇಲ್ ಬಿಡಿ, ಇಮೇಲ್ ಕೂಡ ಹಾಕಿ. ಮಾರನೇ ದಿನ ಹೇಳಿದರೆ ಅದು ನೆಪದ ಥರ ಕಾಣುತ್ತದೆ.

ಅಲ್ಲಿ ಏನಾಗುತ್ತದೆ

ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಮೂತ್ರ ಕೊಡುವಾಗ ಒಬ್ಬರು ನಿಂತು ನೋಡುತ್ತಾರೆ. ಸಾಮಾನ್ಯವಾಗಿ ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು. ಮೊದಲನೇ ಸಲ ನನ್ನ ಮಗ ಮುಗಿಸಿ ಬಂದು ಕಾರಿನಲ್ಲಿ ಕೂತವನು ಹತ್ತು ನಿಮಿಷ ಸ್ಟೀರಿಂಗ್ ಮುಟ್ಟಲಿಲ್ಲ. ನಾನು ಪಕ್ಕದಲ್ಲಿದ್ದೆ. ಏನು ಹೇಳಬೇಕೋ ತಿಳಿಯದೆ ನೀರಿನ ಬಾಟಲಿ ಕೊಟ್ಟೆ. ಹೀಗೆ ಇರುತ್ತದೆ ಎಂದು ಒಬ್ಬರು ಮುಂಚೆ ಹೇಳಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಗುರುತಿನ ಚೀಟಿ ಬೇಕು. ಜೇಬು ಖಾಲಿ ಮಾಡಿಸುತ್ತಾರೆ. ಕಪ್‌ನ ಮೇಲೆ ಶಾಖ ತೋರಿಸುವ ಪಟ್ಟಿ ಇರುತ್ತದೆ. ಮೂತ್ರ 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ನಾಲ್ಕು ನಿಮಿಷದೊಳಗೆ ನೋಡುವುದು ಪದ್ಧತಿ. ಲ್ಯಾಬ್‌ಗೆ ಕಳಿಸುವುದಾದರೆ ಬಾಟಲಿಗೆ ಸೀಲ್ ಹಾಕಿ ಸಹಿ ಮಾಡಿಸುತ್ತಾರೆ. ಸಹಿ ಮಾಡುವ ಮುಂಚೆ ಲೇಬಲ್ ಮೇಲಿರುವ ಹೆಸರು, ಹುಟ್ಟಿದ ತಾರೀಖು ಸರಿಯಾಗಿವೆಯೇ ನೋಡಿ. ನಮ್ಮ ಹೆಸರುಗಳು ಇಲ್ಲಿ ಎಷ್ಟು ಸುಲಭವಾಗಿ ಕೆಡುತ್ತವೆ ಗೊತ್ತಲ್ವಾ? ಅಪ್ಪನ ಹೆಸರು, ಊರಿನ ಹೆಸರು ಹಿಂದೆಮುಂದೆ ಆಗಿರುತ್ತದೆ. ಅಲ್ಲೇ ತಿದ್ದಿಸಿ.

ಮೂತ್ರ ಬರದಿದ್ದರೆ “ಕಾಯುತ್ತೇನೆ” ಎಂದು ಹೇಳಿ ಅಲ್ಲೇ ಕೂರಿ. ಎದ್ದು ಬಂದರೆ ನಿರಾಕರಿಸಿದ ಹಾಗೆ.

ನೀರಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಅಮ್ಮಂದಿರು ಪ್ರೀತಿಯಿಂದ ಇಲ್ಲೇ ತಪ್ಪು ಮಾಡುತ್ತೇವೆ. ಟೆಸ್ಟ್ ಇದೆ, ಮೂತ್ರ ಚೆನ್ನಾಗಿ ಬರಲಿ ಎಂದು ನಾನು ಒಂದು ದಿನ ದೊಡ್ಡ ಚೊಂಬು ನೀರು, ಅದರ ಮೇಲೆ ಎರಡು ಲೋಟ ಮಜ್ಜಿಗೆ ಕುಡಿಸಿ ಕಳಿಸಿದೆ. ‘ಡೈಲ್ಯೂಟ್’, ಅಂದರೆ ತೀರಾ ನೀರಾಗಿದೆ, ಎಂದು ಬಂತು. ಮೂತ್ರದಲ್ಲಿ ಕ್ರಿಯಾಟಿನಿನ್ ಎಂಬ, ಸ್ನಾಯುಗಳಿಂದ ಬರುವ ವಸ್ತುವನ್ನು ಅಳೆಯುತ್ತಾರೆ. ಅದು ಡೆಸಿಲೀಟರ್‌ಗೆ 20 ಮಿಲಿಗ್ರಾಂಗಿಂತ ಕಡಿಮೆಯಾಗಿ, ಸಾಂದ್ರತೆಯೂ ಇಳಿದಿದ್ದರೆ ಡೈಲ್ಯೂಟ್. ಏನೋ ಮುಚ್ಚಿಡಲು ನೀರು ಕುಡಿದಿದ್ದಾನೆ ಎಂದು ಅನುಮಾನಪಡುತ್ತಾರೆ. ಕೆಲವು ಕಡೆ ಅದನ್ನೇ ಉಲ್ಲಂಘನೆ ಎಂದು ಬರೆದುಬಿಡುತ್ತಾರೆ. ಮಾಂಸ ತಿನ್ನದವರಿಗೆ, ಸಣಕಲು ಮೈಯವರಿಗೆ ಕ್ರಿಯಾಟಿನಿನ್ ಮೊದಲೇ ಕಡಿಮೆ ಇರುತ್ತದೆ. ನನ್ನ ಮಗ ಎರಡೂ ಹೌದು. ಆಮೇಲೆ ನಾವು ಕಲಿತದ್ದಿಷ್ಟು: ಆದಷ್ಟೂ ಬೆಳಗ್ಗೆ ಬೇಗ ಹೋಗಿ ಕೊಡುವುದು, ಮಾಮೂಲಿನಷ್ಟೇ ನೀರು ಕುಡಿಯುವುದು, ಸಸ್ಯಾಹಾರಿ ಎಂದು ಪಿಓಗೆ ತಿಳಿಸಿಡುವುದು.

ಆ ಗಸಗಸೆ ಪಾಯಸ

ವರಮಹಾಲಕ್ಷ್ಮಿ ಹಬ್ಬದ ದಿನ ನಾನು ಗಸಗಸೆ ಪಾಯಸ ಮಾಡಿದ್ದೆ. ನೆನೆಸಿ, ಕಾಯಿ, ಏಲಕ್ಕಿ ಹಾಕಿ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಕುದಿಸಿದ್ದು. ಮಗ ಎರಡು ಲೋಟ ಕುಡಿದ. ಮಾರನೇ ದಿನ ಅವನ ಬಣ್ಣ ಬಂತು.

ಆ ಟೆಸ್ಟ್ ಕಪ್‌ನ ಪಟ್ಟಿಯಲ್ಲಿ ಗೆರೆ ಬಂದರೆ ನೆಗೆಟಿವ್, ಗೆರೆ ಬರದಿದ್ದರೆ ಪಾಸಿಟಿವ್. ನಾವು ಅಂದುಕೊಳ್ಳುವುದಕ್ಕೆ ಉಲ್ಟಾ. ಮಸುಕಾಗಿ ಬಂದರೂ ಅದು ಗೆರೆಯೇ. ಅವತ್ತು ಎಲ್ಲ ಕಡೆ ಗೆರೆ ಇತ್ತು, ಓಪಿಯೇಟ್, ಅಂದರೆ ಅಫೀಮಿನ ಜಾತಿಯ ಡ್ರಗ್‌ಗಳ, ಜಾಗ ಮಾತ್ರ ಬಿಳಿ. ಅಲ್ಲಿಂದಲೇ ಫೋನ್ ಮಾಡಿದ. “ಅಮ್ಮಾ, ಓಪಿಯೇಟ್ ಅಂತ ತೋರಿಸ್ತಿದೆ. ನಾನೇನೂ ತಗೊಂಡಿಲ್ಲ, ನಿನ್ನಾಣೆ.” ನಾನು ಒಂದು ಕ್ಷಣ ಅವನನ್ನು ನಂಬಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಗಸಗಸೆ ಎಂದರೆ ಅಫೀಮು ಗಿಡದ ಬೀಜ. ಅಫೀಮಿನಲ್ಲಿರುವ ಮಾರ್ಫಿನ್ ಎಂಬ ಓಪಿಯೇಟ್ ಬೀಜದ ಒಳಗೆ ಇರುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಆ ಗಿಡದ ಕಾಯಿಯಿಂದ ಒಸರುವ ಹಾಲು ಬೀಜಕ್ಕೆ ಅಂಟಿರುತ್ತದೆ. ಒಂದು ಪೊಟ್ಟಣದಲ್ಲಿ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ತೊಳೆದರೆ, ಬೇಯಿಸಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಎಂದು ನಂಬುವ ಹಾಗಿಲ್ಲ. ಬ್ರೆಡ್ ಮೇಲೆ ಉದುರಿಸಿದ ನಾಲ್ಕು ಕಾಳಿನ ಲೆಕ್ಕವೇ ಬೇರೆ. ನಾವು ಹಿಡಿಗಟ್ಟಲೆ ರುಬ್ಬುತ್ತೇವೆ. ಅಮೆರಿಕದ ಫೆಡರಲ್ ಕೆಲಸಗಳ ಟೆಸ್ಟ್‌ನಲ್ಲಿ ಇದೇ ಕಾರಣಕ್ಕೆ 1998ರಲ್ಲಿ ಓಪಿಯೇಟ್ ಮಿತಿಯನ್ನು ಮಿಲಿಲೀಟರ್‌ಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ಪ್ರೊಬೇಷನ್‌ನಲ್ಲಿ ಬಳಸುವ ಎಷ್ಟೋ ಕಪ್‌ಗಳು ಇನ್ನೂ 300ರಲ್ಲೇ ಇವೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸೈನಿಕರಿಗೇ ಗಸಗಸೆ ತಿನ್ನಬೇಡಿ ಎಂದು ಹೇಳಿತು.

ಇಂಥ ಸಮಯದಲ್ಲಿ ಏನು ಮಾಡಬೇಕು? ಕಪ್‌ನ ಫಲಿತಾಂಶಕ್ಕೆ ಒಪ್ಪಿಗೆಯ ಸಹಿ ಹಾಕುವ ಮುಂಚೆ ಲ್ಯಾಬ್ ದೃಢೀಕರಣ ಬೇಕು ಎಂದು ಕೇಳಿ. ದುಡ್ಡು ಕಟ್ಟಬೇಕಾಗಬಹುದು, ಕಟ್ಟಿ. ಕಪ್ ಬರೀ ಮೊದಲ ಸುತ್ತು. ಲ್ಯಾಬ್‌ನಲ್ಲಿ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ವಿಧಾನದಿಂದ ಯಾವ ವಸ್ತು, ಎಷ್ಟು ಎಂದು ಖಚಿತವಾಗಿ ಹೇಳುತ್ತಾರೆ. ಆದರೆ ಗಸಗಸೆಯ ವಿಷಯದಲ್ಲಿ ಅಷ್ಟೇ ಸಾಲದು. ಯಾಕೆಂದರೆ ಅದು ನಿಜವಾದ ಮಾರ್ಫಿನ್ನೇ. ಲ್ಯಾಬ್ ಕೂಡ ಪಾಸಿಟಿವ್ ಎಂದೇ ಹೇಳುತ್ತದೆ. ಅದಕ್ಕೆ ನಮ್ಮ ವಕೀಲರು ಇನ್ನೆರಡು ನೋಡಿಸಿ ಎಂದು ಬರೆದು ಕೇಳಿದರು. ಒಂದು 6-ಎಂಎಎಂ. ಇದು ಹೆರಾಯಿನ್ ತೆಗೆದುಕೊಂಡರೆ ಮಾತ್ರ ಬರುವ ಗುರುತು. ಇದು ಕೆಲವೇ ಗಂಟೆ ಇರುವುದರಿಂದ, ಇಲ್ಲ ಎಂದ ಮಾತ್ರಕ್ಕೆ ಪೂರ್ತಿ ಸಾಬೀತಾಗುವುದಿಲ್ಲ. ಇನ್ನೊಂದು ಥಿಬೈನ್. ಇದು ಗಸಗಸೆಯಲ್ಲಿ ಇರುತ್ತದೆ, ಹೆರಾಯಿನ್ ತೆಗೆದುಕೊಂಡವರಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಮಗನ ಮೂತ್ರದಲ್ಲಿ ಮೊದಲನೆಯದು ಇರಲಿಲ್ಲ, ಎರಡನೆಯದು ಇತ್ತು. ನಾನು ಪೊಟ್ಟಣದ ಫೋಟೋ, ಅಂಗಡಿ ಬಿಲ್, ಹಬ್ಬದ ದಿನದ ಅಡುಗೆಯ ಫೋಟೋ ಕೊಟ್ಟೆ. ಕೋರ್ಟಿಗೆ ಹೋಗಲಿಲ್ಲ. ಆದರೂ ಮೂರು ತಿಂಗಳು ಟೆಸ್ಟ್ ಜಾಸ್ತಿ ಮಾಡಿದರು. ಆಮೇಲೆ ಪಿಓ ಗಸಗಸೆ ತಿನ್ನಬಾರದು ಎಂದು ಬರೆದು ಸಹಿ ಮಾಡಿಸಿದರು. ಒಮ್ಮೆ ಹಾಗೆ ಸಹಿಯಾದ ಮೇಲೆ ‘ಪಾಯಸ ಕುಡಿದಿದ್ದೆ’ ಎಂಬುದು ಉತ್ತರವಾಗುವುದಿಲ್ಲ.

ಸಾಗು, ಕುರ್ಮಕ್ಕೆ ಈಗ ಗೋಡಂಬಿ, ಹುರಿಗಡಲೆ ರುಬ್ಬುತ್ತೇನೆ. ಮದುವೆ ಮನೆ, ದೇವಸ್ಥಾನದ ಊಟಗಳಲ್ಲಿ ಗಟ್ಟಿ ಸಾಗು ಬಂದರೆ ಮಗ ಸುಮ್ನೆ ಅನ್ನ ಸಾರು ತಿಂದು ಏಳುತ್ತಿದ್ದ.

ಔಷಧಿ ಡಬ್ಬಿಯನ್ನೂ ತೆಗೆದು ನೋಡಿ

ನಮ್ಮ ಮನೆಗಳಲ್ಲಿ ಊರಿನಿಂದ ಬಂದ ಮಾತ್ರೆಗಳ ಒಂದು ಚೀಲ ಇದ್ದೇ ಇರುತ್ತದೆ. ಅದನ್ನು ಮೇಜಿನ ಮೇಲೆ ಸುರಿಯಿರಿ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ಅಜ್ಜಿಯ ನಿದ್ದೆಯ ಆಲ್‌ಪ್ರಜೋಲಮ್, ಇವು ಯಾವುದನ್ನೂ ಪ್ರೊಬೇಷನ್‌ನಲ್ಲಿರುವ ಮಕ್ಕಳಿಗೆ ಕೊಡಬೇಡಿ. ಬೇರೆಯವರ ಹೆಸರಿನ ಇಂಥ ಮಾತ್ರೆ ತೆಗೆದುಕೊಳ್ಳುವುದೇ ಇಲ್ಲಿ ಅಪರಾಧ.

ದಶಮೂಲಾರಿಷ್ಟ, ಅಶೋಕಾರಿಷ್ಟದಂಥ ಅರಿಷ್ಟಗಳಲ್ಲಿ ಹುದುಗಿನಿಂದ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಶೇಕಡಾ 5ರಿಂದ 10ರ ಸುಮಾರು. ಮದ್ಯ ನಿಷೇಧ ಇದ್ದವರಿಗೆ ಇಟಿಜಿ ಎಂಬ ಟೆಸ್ಟ್ ಮಾಡುತ್ತಾರೆ. ಕುಡಿದು ಎರಡು ಮೂರು ದಿನ ಆದ ಮೇಲೂ ಅದು ಹಿಡಿಯಬಲ್ಲದು. ಅದು ಎಷ್ಟು ಸೂಕ್ಷ್ಮ ಎಂದರೆ ಆಲ್ಕೋಹಾಲ್ ಇರುವ ಮೌತ್‌ವಾಶ್, ಪದೇ ಪದೇ ಹಚ್ಚುವ ಸ್ಯಾನಿಟೈಸರ್ ಕೂಡ ತೊಂದರೆ ಕೊಡಬಹುದು. ಈ ಟೆಸ್ಟ್ ಒಂದನ್ನೇ ನಂಬಿ ಶಿಕ್ಷೆ ಕೊಡಬೇಡಿ ಎಂದು 2006ರಲ್ಲೇ ಅಮೆರಿಕದ ಆರೋಗ್ಯ ಇಲಾಖೆಯ ಸಂಸ್ಥೆ ಸ್ಯಾಂಸಾ ಎಚ್ಚರಿಸಿತ್ತು. ಹೋಮಿಯೋಪತಿಯ ದ್ರವ ಔಷಧಿಯೂ ಆಲ್ಕೋಹಾಲ್‌ನಲ್ಲೇ ಇರುತ್ತದೆ. ಇದು ನೆನಪಿರಲಿ. ಇಲ್ಲಿ ಸಿಗುವ ಮೂಗಿಗೆ ಸೇದುವ ವಿಕ್ಸ್ ಇನ್‌ಹೇಲರ್‌ನಲ್ಲಿ ಮೆಥಾಂಫೆಟಮಿನ್ ಎಂಬ ಡ್ರಗ್‌ನ ಅಣ್ಣತಮ್ಮನಂಥ ವಸ್ತು ಇರುತ್ತದೆ. ಅದನ್ನೂ ದೂರ ಇಡಿ.

ಗಾಂಜಾ ಜಾತಿಯ ಗಿಡದಿಂದ ಮಾಡುವ ಸಿಬಿಡಿ ಎಣ್ಣೆ, ಡೆಲ್ಟಾ-8 ಮಿಠಾಯಿ ಅಂಗಡಿಯಲ್ಲಿ ಸಿಕ್ಕಿದರೂ ಬೇಡ. ಅಂಗಡಿಯಲ್ಲಿ ಮಾರುತ್ತಾರೆ ಎಂಬುದು ಟೆಸ್ಟ್‌ಗೆ ಗೊತ್ತಾಗುವುದಿಲ್ಲ, ಟಿಎಚ್‌ಸಿ ಎಂದೇ ಬರಬಹುದು.

ಡಾಕ್ಟರ್ ಬರೆದುಕೊಟ್ಟ ಔಷಧಿ ಇದ್ದರೆ ಟೆಸ್ಟ್‌ಗೆ ಮುಂಚೆಯೇ ಪಿಓಗೆ ಪಟ್ಟಿ, ಚೀಟಿ ಎರಡೂ ಕೊಟ್ಟು, ಕೊಟ್ಟದ್ದಕ್ಕೆ ಇಮೇಲ್ ಇಟ್ಟುಕೊಳ್ಳಿ. ಗಮನ ನಿಲ್ಲದ ತೊಂದರೆಗೆ ಕೊಡುವ ಕೆಲವು ಎಡಿಎಚ್‌ಡಿ ಮಾತ್ರೆಗಳು ಆಂಫೆಟಮಿನ್ ಎಂಬ ಡ್ರಗ್ ಎಂದು ಬರುತ್ತವೆ. ರಕ್ತದೊತ್ತಡದ ಲ್ಯಾಬೆಟಲಾಲ್, ಖಿನ್ನತೆಯ ಬ್ಯುಪ್ರೋಪಿಯಾನ್ ಕೂಡ ಕಪ್‌ನಲ್ಲಿ ಹಾಗೆ ತೋರಿಸಬಹುದು. ಲ್ಯಾಬ್‌ಗೆ ಕಳಿಸಿದರೆ ಇವು ಬೇರೆ ಎಂದು ತಿಳಿಯುತ್ತದೆ.

ನಿಜವಾಗಿಯೂ ಬಿಡಲು ಆಗದಿದ್ದರೆ

ದಿನಾ ಗಾಂಜಾ ಸೇದುತ್ತಿದ್ದವರಿಗೆ ಬಿಟ್ಟ ಮೇಲೂ ತಿಂಗಳವರೆಗೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಪಾಸಿಟಿವ್ ಬರಬಹುದು. ಶುರುವಿನಲ್ಲೇ ವಕೀಲರ ಮೂಲಕ ಇದನ್ನು ತಿಳಿಸಿ. ಪ್ರತಿ ಸಲ ಲ್ಯಾಬ್‌ನಿಂದ ಅಂಕಿ ತರಿಸಿ, ಅದನ್ನು ಕ್ರಿಯಾಟಿನಿನ್‌ಗೆ ಹೋಲಿಸಿ ನೋಡಿದರೆ ಇಳಿಯುತ್ತಿದೆ ಎಂದು ತೋರಿಸಬಹುದು.

ಮೋಸ ಮಾತ್ರ ಬೇಡ. ಬೇರೆಯವರ ಮೂತ್ರ, ಪುಡಿ, ‘ಡಿಟಾಕ್ಸ್’ ಬಾಟಲಿ, ಯಾವುದೂ ಬೇಡ. ಟೆಕ್ಸಸ್‌ನಲ್ಲಿ ಟೆಸ್ಟ್ ಕೆಡಿಸುವ ವಸ್ತು ಬಳಸುವುದೇ ಒಂದು ಹೊಸ ಕೇಸ್, 180 ದಿನದವರೆಗೆ ಜೈಲು. ಒಂದು ಪಾಸಿಟಿವ್‌ಗೆ ಎಷ್ಟೋ ಸಲ ಕೌನ್ಸೆಲಿಂಗ್‌ಗೆ ಕಳಿಸುತ್ತಾರೆ. ಮೋಸ ಮಾಡಿ ಸಿಕ್ಕವರ ಮಾತನ್ನು ಆಮೇಲೆ ಯಾರೂ ಕೇಳುವುದಿಲ್ಲ.

ಮತ್ತೆ ಸೇದಿದ್ದಾನೆ, ಮಾತ್ರೆ ನುಂಗಿದ್ದಾನೆ ಎಂದು ಗೊತ್ತಾದರೆ ಮೊದಲು ಬೈಯಬೇಡಿ. ಮೊದಲು ವಕೀಲರಿಗೆ ಫೋನ್ ಮಾಡಿ, ಪಿಓಗೆ ಹೇಗೆ ಹೇಳಬೇಕು ಎಂದು ಕೇಳಿ, ಅದೇ ವಾರ ಚಿಕಿತ್ಸೆಗೆ ಸೇರಿಸಿ. ತಾನಾಗಿಯೇ ಚಿಕಿತ್ಸೆಗೆ ಹೋದವನನ್ನು ಕೋರ್ಟ್ ಬೇರೆ ಕಣ್ಣಿನಿಂದ ನೋಡುತ್ತದೆ. ಹೆರಾಯಿನ್, ಫೆಂಟನಿಲ್‌ನಂಥ ಚಟಕ್ಕೆ ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬ ಔಷಧಿಗಳಿವೆ. ಡಾಕ್ಟರ್ ಬರೆದುಕೊಟ್ಟ ಇವನ್ನು ನಿಲ್ಲಿಸು ಎಂದು ಒತ್ತಾಯಿಸುವುದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧವಾಗಬಹುದು ಎಂದು 2022ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಬರೆದು ತಿಳಿಸಿದೆ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಕೆಲವು ತಿಂಗಳು ಬಿಟ್ಟಿದ್ದವರ ಮೈ ಹಳೆಯ ಪ್ರಮಾಣ ತಡೆಯುವುದಿಲ್ಲ. ಜೀವ ಹೋಗುವುದು ಆಗಲೇ. ಓಪಿಯೇಟ್ ಜಾಸ್ತಿಯಾಗಿ ಉಸಿರು ನಿಲ್ಲುವಾಗ ಜೀವ ಉಳಿಸಲು ಬಳಸುವ ನಾರ್ಕ್ಯಾನ್ ಎಂಬ ಮೂಗಿನ ಸ್ಪ್ರೇ 2023ರಿಂದ ಚೀಟಿ ಇಲ್ಲದೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮಗ ವೇಪ್ ಮಾತ್ರ ಸೇದುತ್ತಿದ್ದ ಎಂದು ಗೊತ್ತಿದ್ದೂ ನಾನೊಂದು ತಂದು ಫಸ್ಟ್‌ಏಡ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ನೀವೂ ಇಡಿ. ಮನಸ್ಸಿನ ಸಂಕಷ್ಟದಲ್ಲಿರುವವರ ಸಹಾಯವಾಣಿ 988ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು.

ಕೋರ್ಟ್ ಮತ್ತು ಗ್ರೀನ್ ಕಾರ್ಡ್

ಪಾಸಿಟಿವ್ ಬಂದ ಕೂಡಲೇ ಜೈಲಲ್ಲ. 1973ರ ಗ್ಯಾಗ್ನನ್ ಕೇಸ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರೊಬೇಷನ್ ರದ್ದು ಮಾಡುವ ಮುಂಚೆ ವಿಚಾರಣೆ ಬೇಕೇ ಬೇಕು ಎಂದಿದೆ. ಆದರೆ ಟೆಕ್ಸಸ್‌ನಲ್ಲಿ ಆ ವಿಚಾರಣೆಗೆ ಜ್ಯೂರಿ ಇಲ್ಲ. ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಾಗಿಯೂ ಇಲ್ಲ. ‘ಹೀಗಾಗಿರುವ ಸಂಭವವೇ ಹೆಚ್ಚು’ ಎಂದು ಜಡ್ಜ್‌ಗೆ ಅನಿಸಿದರೆ ಸಾಕು. ಫೆಡರಲ್ ಕೇಸ್‌ನಲ್ಲಿ ವರ್ಷಕ್ಕೆ ಮೂರಕ್ಕಿಂತ ಜಾಸ್ತಿ ಸಲ ಪಾಸಿಟಿವ್ ಬಂದರೆ ಪ್ರೊಬೇಷನ್ ರದ್ದು ಮಾಡಬೇಕು ಎಂದು ಕಾನೂನಿದೆ. ಹಾಗಾಗಿಯೇ ಆ ನೋಟ್‌ಬುಕ್, ರಸೀದಿ ಮುಖ್ಯ.

ಮಗ ಅಥವಾ ಮಗಳು ಅಮೆರಿಕದ ನಾಗರಿಕರಲ್ಲದಿದ್ದರೆ ಇದನ್ನು ಎರಡು ಸಲ ಓದಿ. ಡಿಫರ್ಡ್ ಅಡ್ಜುಡಿಕೇಷನ್ ಟೆಕ್ಸಸ್‌ನ ಲೆಕ್ಕದಲ್ಲಿ ಶಿಕ್ಷೆಯ ತೀರ್ಪಲ್ಲ. ಇಮಿಗ್ರೇಷನ್ ಲೆಕ್ಕದಲ್ಲಿ ಅದು ತೀರ್ಪೇ. ಡ್ರಗ್ ಕೇಸ್‌ನಿಂದ ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸಬಹುದು. ತಪ್ಪೊಪ್ಪಿಗೆಯಿಂದ ಹೀಗಾಗಬಹುದು ಎಂದು ವಕೀಲರು ಮೊದಲೇ ತಿಳಿಸಬೇಕು ಎಂದು 2010ರ ಪಡಿಲ್ಲಾ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ರಿಮಿನಲ್ ವಕೀಲರ ಜೊತೆ ಇಮಿಗ್ರೇಷನ್ ವಕೀಲರನ್ನೂ ಕೇಳಿಯೇ ಸಹಿ ಮಾಡಿ. ಪಿಓ ಅನುಮತಿ ಕೊಟ್ಟರೂ ಇಮಿಗ್ರೇಷನ್ ವಕೀಲರನ್ನು ಕೇಳದೆ ಊರಿಗೆ ಟಿಕೆಟ್ ತೆಗೆಯಬೇಡಿ, ವಾಪಸ್ ಬರುವಾಗ ಏರ್‌ಪೋರ್ಟ್‌ನಲ್ಲಿ ತಡೆಯಬಹುದು. ನನ್ನ ತಂಗಿಯ ಮಗಳ ಮದುವೆಗೆ ತಿಪಟೂರಿಗೆ ನಾವಿಬ್ಬರೇ ಹೋದೆವು. ಅವನಿಗೆ ಪರೀಕ್ಷೆ ಇದೆ ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳೇನೂ ಆಗಿರಲಿಲ್ಲ.

ಅವಧಿ ಮುಗಿದ ದಿನ ಸುಮ್ನೆ ಮನೆಗೆ ಬರಬೇಡಿ. ಕೇಸ್ ವಜಾ ಮಾಡಿದ ಆದೇಶದ ಪ್ರಮಾಣಿತ ಪ್ರತಿಗಳನ್ನು ಕೋರ್ಟ್ ಕ್ಲರ್ಕ್ ಹತ್ತಿರ ಕೇಳಿ ತನ್ನಿ. ನಾವು ಮೂರು ತಂದೆವು. ಒಂದು ಇಮಿಗ್ರೇಷನ್ ವಕೀಲರಿಗೆ, ಒಂದು ಬ್ಯಾಂಕ್ ಲಾಕರ್‌ಗೆ, ಒಂದು ಆ ನೋಟ್‌ಬುಕ್‌ನ ಕೊನೆಯ ಪುಟಕ್ಕೆ. ದಾಖಲೆಯನ್ನು ಬೇರೆಯವರಿಗೆ ಕಾಣದಂತೆ ಮಾಡಿಸುವ ನಾನ್‌ಡಿಸ್‌ಕ್ಲೋಷರ್ ಅರ್ಜಿ ಯಾವಾಗ ಹಾಕಬಹುದು ಎಂದು ಅವತ್ತೇ ವಕೀಲರಿಂದ ಬರೆಸಿಕೊಳ್ಳಿ. ಫೆಲನಿ ಕೇಸ್‌ಗಳಿಗೆ ಕೆಲವು ವರ್ಷ ಕಾಯಬೇಕಾಗುತ್ತದೆ. ನಮ್ಮ ತಾರೀಖನ್ನು ಮಗ ಫ್ರಿಜ್ ಮೇಲೆ ಅಂಟಿಸಿದ್ದಾನೆ, ಮೊದಲು ಅವನ ಬಣ್ಣದ ಚೀಟಿ ಇದ್ದ ಜಾಗದಲ್ಲೇ.